ಅಡಿಕೆಯ ಹಲವು ಹೆಸರುಗಳು: ವಿದೇಶಿ ವ್ಯಾಪಾರದ ಆಕರಗಳನ್ನು ಹುಡುಕುವ ಬಗೆ

ಕಾಸರಗೋಡು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಅಡಿಕೆಯ ಧಾರಣೆ ಕುಸಿದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ: ಹೊರದೇಶದ ಅಡಿಕೆ ಬರುತ್ತಿದೆ. ಬೆಳೆಗಾರರ ಸಭೆಗಳಲ್ಲಿ, ವಾಚಕರ ಪತ್ರಗಳಲ್ಲಿ, ಸರಕಾರಕ್ಕೆ ಸಲ್ಲುವ ಮನವಿಗಳಲ್ಲಿ ಇದು ಸಾಬೀತಾದ ಸಂಗತಿಯೆಂಬಂತೆ ಉಲ್ಲೇಖಗೊಳ್ಳುತ್ತದೆ. ಅದು ಒಂದು ವರ್ಷ ಪೂರ್ಣ ನಿಜವೂ ಇನ್ನೊಂದು ವರ್ಷ ಅರೆನಿಜವೂ ಆಗಿರಬಹುದು. ಎಷ್ಟು ಬಂತು, ಎಲ್ಲಿಂದ ಬಂತು, ಯಾವ ಬೆಲೆಗೆ, ಎಷ್ಟು ಸುಂಕ ತೆತ್ತು ಎಂಬ ನಾಲ್ಕು ಪ್ರಶ್ನೆಗಳಿಗೆ ದಾಖಲೆಗಳಿಂದ ಉತ್ತರ ಪಡೆಯಲು ಹೊರಟವರು ಗ್ರಂಥಾಲಯದಲ್ಲಿ ಎದುರಿಸುವ ಮೊದಲ ತೊಡಕು ಅಂಕಿಗಳದ್ದಲ್ಲ, ಹೆಸರಿನದು.

ಇಂಗ್ಲಿಷಿನಲ್ಲಿ ಅಡಿಕೆಗೆ ಎರಡು ಹೆಸರುಗಳಿವೆ: ಅರೆಕಾನಟ್ ಮತ್ತು ಬೀಟಲ್‌ನಟ್. ಎರಡೂ ಪೋರ್ಚುಗೀಸರ ಮೂಲಕ ಈ ಕರಾವಳಿಯಿಂದಲೇ ಹೋದವು. ಅರೆಕಾ ಎಂಬುದು ಮಲಯಾಳದ ಅಡಯ್ಕ, ಕನ್ನಡದ ಅಡಿಕೆಗಳ ಬಂಧು. ಬೀಟಲ್ ಎಂಬುದು ಮಲಯಾಳದ ವೆಟ್ಟಿಲ, ಅಂದರೆ ವೀಳ್ಯದೆಲೆ. ಜೊತೆಗೂಡಿ ಮೆಲ್ಲುವ ಎರಡು ವಸ್ತುಗಳಲ್ಲಿ ಎಲೆಯ ಹೆಸರನ್ನು ಕಾಯಿಗೆ ಅಂಟಿಸಿದ್ದರಿಂದ ಬೀಟಲ್‌ನಟ್ ಹುಟ್ಟಿತು. ವ್ಯುತ್ಪತ್ತಿಯ ಈ ಪ್ರಸಂಗ ಭಾಷಾವಿಜ್ಞಾನಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಆದರೆ ವ್ಯಾಪಾರದ ದಾಖಲೆಗಳು ಇನ್ನೂರು ವರ್ಷಗಳಿಂದ ಈ ಎರಡು ಹೆಸರುಗಳ ನಡುವೆ ಓಲಾಡುತ್ತ ಬಂದಿರುವುದರಿಂದ, ಒಂದೇ ಪದವನ್ನು ಹಿಡಿದು ಹುಡುಕುವವರಿಗೆ ಅರ್ಧ ಇತಿಹಾಸ ಮಾತ್ರ ಸಿಗುತ್ತದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ತನ್ನ ಮೂರು ಸಂಪುಟಗಳ ವರದಿಯಲ್ಲಿ ಬೀಟಲ್‌ನಟ್ ಎಂಬ ಪದವನ್ನು ಧಾರಾಳವಾಗಿ ಬಳಸುತ್ತಾನೆ. ಬ್ರಿಟಿಷ್ ಇಂಡಿಯಾದ ಸಮುದ್ರ ವ್ಯಾಪಾರದ ವಾರ್ಷಿಕ ಸಂಪುಟಗಳಲ್ಲಿಯೂ ಅಡಿಕೆಯ ಸಾಲು ಬೀಟಲ್‌ನಟ್ ಎಂದೇ ಇದೆ. ಅದೂ ಸಾಂಬಾರ ಪದಾರ್ಥಗಳ ಗುಂಪಿನಲ್ಲಿ, ಮೆಣಸು ಏಲಕ್ಕಿಗಳ ಜೊತೆಯಲ್ಲಿ. ಜಾರ್ಜ್ ವಾಟ್‌ನ ಆರ್ಥಿಕ ಉತ್ಪನ್ನಗಳ ನಿಘಂಟಿನಲ್ಲಿ ಅಡಿಕೆ ಬೇಕಿದ್ದರೆ ಸಸ್ಯಶಾಸ್ತ್ರೀಯ ಹೆಸರಾದ ಅರೆಕಾ ಕಟೆಚು ಎಂಬಲ್ಲಿ ನೋಡಬೇಕು.

ಇಂದಿನ ವರ್ಗೀಕರಣದಲ್ಲಿ ಅಡಿಕೆ ಸಾಂಬಾರ ಪದಾರ್ಥವಲ್ಲ. 1988ರಿಂದ ಜಗತ್ತಿನ ಬಹುತೇಕ ದೇಶಗಳ ಸುಂಕದ ಪಟ್ಟಿಗಳಿಗೆ ಆಧಾರವಾಗಿರುವ ಹಾರ್ಮೊನೈಸ್ಡ್ ಸಿಸ್ಟಂ, ಅಂದರೆ ಎಚ್‌ಎಸ್ ಪದ್ಧತಿಯಲ್ಲಿ ಪ್ರತಿಯೊಂದು ಸರಕಿಗೂ ಆರು ಅಂಕಿಗಳ ಒಂದು ಸಂಖ್ಯೆಯಿದೆ. ಮೊದಲ ಎರಡು ಅಂಕಿಗಳು ಅಧ್ಯಾಯ, ಮುಂದಿನ ಎರಡು ಶೀರ್ಷಿಕೆ, ಕೊನೆಯ ಎರಡು ಉಪಶೀರ್ಷಿಕೆ. ಅದಕ್ಕೂ ಮುಂದಿನ ಅಂಕಿಗಳನ್ನು ಆಯಾ ದೇಶ ತನಗೆ ಬೇಕಾದಂತೆ ಸೇರಿಸಿಕೊಳ್ಳುತ್ತದೆ. ಅಡಿಕೆ ಬರುವುದು ಹಣ್ಣು ಮತ್ತು ಬೀಜಕಾಯಿಗಳ 8ನೇ ಅಧ್ಯಾಯದಲ್ಲಿ. ಆದರೆ 2012ರ ಪರಿಷ್ಕರಣೆಯ ತನಕ ಅದಕ್ಕೆ ಆರಂಕಿಯ ಮಟ್ಟದಲ್ಲಿ ಸ್ವಂತ ಮನೆಯೇ ಇರಲಿಲ್ಲ; 0802.90 ಎಂಬ ‘ಇತರ’ ಕಾಯಿಗಳ ಛತ್ರದಲ್ಲಿ ಅದು ತಂಗಿತ್ತು. 2012ರಲ್ಲಿ 0802.80 ಎಂಬ ಸಂಖ್ಯೆ ಬಂದು ಅಡಿಕೆ ಬೇರೆಯಾಯಿತು. ಇದರ ಪರಿಣಾಮ ಸಣ್ಣದಲ್ಲ. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ದತ್ತಸಂಚಯದಲ್ಲಿ 2012ಕ್ಕಿಂತ ಹಿಂದಿನ ಶ್ರೀಲಂಕಾ ಅಥವಾ ಇಂಡೋನೇಷ್ಯಾದ ಅಡಿಕೆ ರಫ್ತನ್ನು ಆರಂಕಿಯ ಮಟ್ಟದಲ್ಲಿ ಇತರ ಕಾಯಿಗಳಿಂದ ಬಿಡಿಸಿ ತೆಗೆಯಲಾಗದು. ಭಾರತದ ಎಂಟಂಕಿಯ ಪಟ್ಟಿಯಲ್ಲಾದರೆ ಅದಕ್ಕಿಂತ ಮುಂಚೆಯೂ ಅಡಿಕೆಗೆ, ಇಡಿ, ಹೋಳು, ಪುಡಿ ಎಂಬ ವಿಂಗಡಣೆಯೊಡನೆ, ಪ್ರತ್ಯೇಕ ಸಾಲುಗಳಿದ್ದವು. ಆ ಸಾಲುಗಳ ಹೆಸರು ಆಗ ಬೀಟಲ್‌ನಟ್. 2012ರ ನಂತರ ಅರೆಕಾನಟ್. 2012ರಲ್ಲಿ ಆಮದು ಥಟ್ಟನೆ ಹುಟ್ಟಿಕೊಂಡಂತೆ ತೋರಿಸುವ ನಕ್ಷೆಯೊಂದು ಎಲ್ಲಾದರೂ ಕಂಡರೆ, ಹುಟ್ಟಿದ್ದು ಸಂಖ್ಯೆಯೇ ಹೊರತು ಸರಕಲ್ಲ ಎಂದು ತಿಳಿಯಬೇಕು.

ಹಳೆಯ ಹೆಸರು ಪೂರ್ಣವಾಗಿ ಅಳಿದೂ ಇಲ್ಲ. ಭಾರತದ ಸುಂಕದ ಪಟ್ಟಿಯ 21ನೇ ಅಧ್ಯಾಯದಲ್ಲಿ, 2106 90 30 ಎಂಬ ಸಂಖ್ಯೆಯಡಿ, ‘ಸುಪಾರಿ ಎಂದು ಕರೆಯಲಾಗುವ ಬೀಟಲ್‌ನಟ್ ಉತ್ಪನ್ನ’ ಇಂದಿಗೂ ಇದೆ. ಹೀಗೆ ಒಂದೇ ಕಾಯಿ ಒಂದು ಅಧ್ಯಾಯದಲ್ಲಿ ಅರೆಕಾ, ಇನ್ನೊಂದರಲ್ಲಿ ಬೀಟಲ್, ಅದರ ಬೆನ್ನಿಗೆ ಸುಪಾರಿ. ಹುರಿದ ಅಡಿಕೆಯನ್ನು 8ನೇ ಅಧ್ಯಾಯದಲ್ಲಿಡಬೇಕೇ, ಸಂಸ್ಕರಿಸಿದ ಕಾಯಿಗಳ 20ನೇ ಅಧ್ಯಾಯದಲ್ಲಿಡಬೇಕೇ ಎಂಬ ವಿವಾದ ಮುಂಗಡ ತೀರ್ಪಿನ ಪ್ರಾಧಿಕಾರದಿಂದ ಉಚ್ಚ ನ್ಯಾಯಾಲಯದವರೆಗೂ ಹೋಗಿದೆ. ಅಧ್ಯಾಯ ಬದಲಾದರೆ ಸುಂಕವೂ ನಿರ್ಬಂಧವೂ ಬದಲಾಗುತ್ತವೆ ಎಂಬುದೇ ವಿವಾದದ ತಿರುಳು. ಆದ್ದರಿಂದ ಅಡಿಕೆಯ ಆಮದನ್ನು ಲೆಕ್ಕ ಹಾಕುವವರು 0802.80 ಒಂದನ್ನೇ ನೋಡಿ ನಿಲ್ಲುವಂತಿಲ್ಲ. ನ್ಯಾಯಾಲಯದ ತೀರ್ಪುಗಳೂ ವ್ಯಾಪಾರ ಸಂಶೋಧನೆಯ ಆಕರಗಳೇ ಆಗಿವೆ. ಕಾನೂನು ವಿಭಾಗದ ಕಪಾಟುಗಳತ್ತ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ತಿರುಗುವುದು ಅಪರೂಪ ಎಂಬುದು ಬೇರೆ ಮಾತು.

ಹೆಸರುಗಳ ಪಟ್ಟಿ ಸಿದ್ಧವಾದ ಮೇಲೆ ಅಂಕಿಗಳಿಗೆ ಹೋಗಬಹುದು. ಭಾರತದ ವಿದೇಶಿ ವ್ಯಾಪಾರದ ಅಂಕಿಗಳ ಮೂಲ ಒಂದೇ: ಬಂದರು, ವಿಮಾನ ನಿಲ್ದಾಣ ಮತ್ತು ಗಡಿಠಾಣೆಗಳ ಕಸ್ಟಮ್ಸ್ ದಾಖಲೆಗಳು. ಅವನ್ನು ಒಟ್ಟುಗೂಡಿಸಿ ಪ್ರಕಟಿಸುವುದು ಕೋಲ್ಕತ್ತದಲ್ಲಿರುವ ವಾಣಿಜ್ಯ ಮಾಹಿತಿ ಮತ್ತು ಅಂಕಿಅಂಶಗಳ ಮಹಾನಿರ್ದೇಶನಾಲಯ. ಹಳೆಯ ಮುದ್ರಿತ ಸಂಪುಟಗಳಿಗೆ ಅಲ್ಲಿನ ವಾಣಿಜ್ಯ ಗ್ರಂಥಾಲಯವನ್ನೂ ಪುಣೆಯ ಗೋಖಲೆ ಸಂಸ್ಥೆಯ ಗ್ರಂಥಾಲಯದಂತಹ ಹಳೆಯ ಸಂಗ್ರಹಗಳನ್ನೂ ಆಶ್ರಯಿಸಬೇಕು. 1996-97ರಿಂದೀಚಿನ ಎಂಟಂಕಿಯ ವಾರ್ಷಿಕ ಅಂಕಿಗಳು ವಾಣಿಜ್ಯ ಇಲಾಖೆಯ ದತ್ತಸಂಚಯದಲ್ಲಿ ಉಚಿತವಾಗಿ ದೊರೆಯುತ್ತವೆ. ಇದನ್ನು ಬಿಟ್ಟು ನೇರವಾಗಿ ಕಾಮ್‌ಟ್ರೇಡ್‌ಗೆ ಹೋಗುವ ರೂಢಿ ಬೆಳೆದಿದೆ. ಹಲವು ದೇಶಗಳನ್ನು ಒಂದೇ ಅಳತೆಗೋಲಿನಲ್ಲಿ ಹೋಲಿಸಬೇಕಾದಾಗ ಅದು ಅನಿವಾರ್ಯ. ಭಾರತವೊಂದರ ಆಮದನ್ನೇ ತಿಳಿಯಬೇಕಾದಾಗ ಅದು ಮೂಲವನ್ನು ಬಿಟ್ಟು ಸಂಕ್ಷೇಪವನ್ನು ಓದಿದಂತೆ. ಭಾರತದ ಪಟ್ಟಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಕಾಮ್‌ಟ್ರೇಡ್‌ನ ವಾರ್ಷಿಕ ಪಟ್ಟಿ ಸಾಮಾನ್ಯವಾಗಿ ಕ್ಯಾಲೆಂಡರ್ ವರ್ಷದ್ದು. ಎರಡರಿಂದಲೂ ಒಂದೊಂದು ಸಂಖ್ಯೆಯನ್ನೆತ್ತಿ ಅಕ್ಕಪಕ್ಕದಲ್ಲಿಟ್ಟರೆ ಇಲ್ಲದ ಏರಿಳಿತ ಕಾಣುತ್ತದೆ.

ಒಂದು ದೇಶದ ರಫ್ತು ಇನ್ನೊಂದು ದೇಶದ ಆಮದು ತಾನೇ ಎಂಬ ಸರಳ ತರ್ಕ ಇಲ್ಲಿ ಪರೀಕ್ಷೆಗೆ ಒಡ್ಡಿಕೊಳ್ಳುತ್ತದೆ. ಶ್ರೀಲಂಕಾ ಭಾರತಕ್ಕೆ ಕಳುಹಿಸಿದೆನೆಂದು ಬರೆದ ಮೊತ್ತವೂ ಭಾರತ ಶ್ರೀಲಂಕಾದಿಂದ ಪಡೆದೆನೆಂದು ಬರೆದ ಮೊತ್ತವೂ ಹೊಂದಿಕೆಯಾಗುವುದು ಅಪೂರ್ವ. ರಫ್ತನ್ನು ಹಡಗಿಗೇರುವ ತನಕದ ಬೆಲೆಯಲ್ಲಿಯೂ ಆಮದನ್ನು ಸಾಗಣೆ ಮತ್ತು ವಿಮೆ ಸೇರಿಸಿದ ಬೆಲೆಯಲ್ಲಿಯೂ ಬರೆಯುವುದು ವಾಡಿಕೆ. ಅಷ್ಟು ವ್ಯತ್ಯಾಸ ಸಹಜ. ಆದರೆ ತೂಕಕ್ಕೆ ವಿಮೆಯಿಲ್ಲ. ತೂಕದಲ್ಲಿಯೇ ದೊಡ್ಡ ಅಂತರ ಕಂಡರೆ ಸಂಶೋಧಕರು ಎಚ್ಚರಗೊಳ್ಳಬೇಕು. ವರ್ಷದ ಕೊನೆಯಲ್ಲಿ ಹೊರಟ ಸರಕು ಮರುವರ್ಷ ತಲುಪಿರಬಹುದು. ಎರಡು ದೇಶಗಳು ಒಂದೇ ಸರಕನ್ನು ಎರಡು ಸಂಖ್ಯೆಗಳಡಿ ಬರೆದಿರಬಹುದು. ಮೂರನೆಯ ದೇಶದ ಅಡಿಕೆ ನಡುವಿನ ದೇಶದ ಹೆಸರಿನಲ್ಲಿ ಬಂದಿರಬಹುದು. 1998ರ ಡಿಸೆಂಬರಿನಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಬಳಿಕ, ಸರಕು ಎಲ್ಲಿ ಹುಟ್ಟಿತು ಎಂಬ ಪ್ರಮಾಣಪತ್ರಕ್ಕೆ ಸುಂಕದ ವಿನಾಯಿತಿಯ ಬೆಲೆ ಬಂದಿದೆ. ವಯನಾಡಿನ ಮೆಣಸಿನ ಬೆಳೆಗಾರರು ಎತ್ತುತ್ತ ಬಂದಿರುವ ಪ್ರಶ್ನೆಯೂ ಇದೇ. ಇನ್ನು ಮ್ಯಾನ್ಮಾರಿನ ಕಡೆಯಿಂದ ಈಶಾನ್ಯದ ಗಡಿ ದಾಟಿ ಕಳ್ಳದಾರಿಯಲ್ಲಿ ಬರುವ ಅಡಿಕೆ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಮುಟ್ಟುಗೋಲಿನ ಪ್ರಕಟಣೆಗಳಲ್ಲಿ ಅದರ ನೆರಳು ಮಾತ್ರ ಕಾಣುತ್ತದೆ.

ಬೆಲೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಆಮದಿನ ಒಟ್ಟು ಮೌಲ್ಯವನ್ನು ತೂಕದಿಂದ ಭಾಗಿಸಿ ಸರಾಸರಿ ಬೆಲೆ ತೆಗೆಯುವುದು ಸಾಮಾನ್ಯ ವಿಧಾನ. ಅಡಿಕೆಯ ಮೇಲೆ ಶೇಕಡಾ 100ರ ಮೂಲ ಸುಂಕವಿದೆ. ಅದರ ಜೊತೆಗೆ ಕನಿಷ್ಠ ಆಮದು ಬೆಲೆಯೂ ಇದೆ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋವಿಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಅಗ್ಗದ ಆಮದಿಗೆ ನಿಷೇಧವಿದೆ. ರಫ್ತಿಗೆಂದೇ ದುಡಿಯುವ ಘಟಕಗಳಂತಹ ಕೆಲವಕ್ಕೆ ವಿನಾಯಿತಿಯಿದೆ. ಇಂಥ ಗೆರೆಯೊಂದನ್ನು ಎಳೆದ ಮೇಲೆ ಘೋಷಿತ ಬೆಲೆ ಗೆರೆಯ ಮೇಲ್ಗಡೆಯೇ ಇರಬೇಕಾಗುತ್ತದೆ. ಆ ಬೆಲೆ ಕೊಲಂಬೊ ಅಥವಾ ಜಕಾರ್ತದ ಪೇಟೆಯನ್ನು ಹೇಳುತ್ತಿದೆಯೋ ದೆಹಲಿಯ ಅಧಿಸೂಚನೆಯನ್ನು ಹೇಳುತ್ತಿದೆಯೋ ಎಂಬುದನ್ನು ತಿಳಿಯಲು ಅಧಿಸೂಚನೆಗಳ ದಿನಾಂಕಗಳನ್ನು ಬಳಿಯಲ್ಲಿಟ್ಟುಕೊಂಡು ತಿಂಗಳುವಾರು ಅಂಕಿಗಳನ್ನು ಓದಬೇಕು. ರಾಜ್ಯಪತ್ರ ಇಲ್ಲಿ ಅಂಕಿಪಟ್ಟಿಯಷ್ಟೇ ಮುಖ್ಯವಾದ ಆಕರ.

ಸರಕನ್ನು ಕಳುಹಿಸುವ ದೇಶದ ಆರ್ಥಿಕ ಸ್ಥಿತಿಯನ್ನು ತಿಳಿಯದೆ ಈ ಅಂಕಿಗಳಿಗೆ ಅರ್ಥ ಕಟ್ಟಲಾಗದು. ಅದಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ನೀತಿ ಪರಿಶೀಲನೆಗಳು, ಅಂತಾರಾಷ್ಟ್ರೀಯ ಹಣಕಾಸು ನಿಧಿಯು ನಾಲ್ಕನೇ ವಿಧಿಯಂತೆ ಸಿದ್ಧಪಡಿಸುವ ದೇಶವಾರು ವರದಿಗಳು, ವಿಶ್ವಬ್ಯಾಂಕಿನ ಅಭಿವೃದ್ಧಿ ಸೂಚಕಗಳು ಸಾಕಷ್ಟು ನೆರವಾಗುತ್ತವೆ, ಎಲ್ಲವೂ ಉಚಿತ. ಚಂದಾ ತೆತ್ತು ಓದಬೇಕಾದ ಖಾಸಗಿ ವರದಿಗಳ ಹಿಂದೆ ಬೀಳುವ ಮೊದಲು ಆಯಾ ದೇಶದ ಕೇಂದ್ರ ಬ್ಯಾಂಕಿನ ವಾರ್ಷಿಕ ವರದಿಯನ್ನು ಓದುವುದು ಲೇಸು. ಭೂತಾನದ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. 2022ರಲ್ಲಿ ಭಾರತ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ಜೈಗಾಂವ್ ಗಡಿಠಾಣೆಯ ಮೂಲಕ ತರಲು ಅನುಮತಿಸಿದಾಗ ಕರಾವಳಿಯಲ್ಲಿ ಕಳವಳ ಉಂಟಾಯಿತು. ಹಸಿ ಅಡಿಕೆಯ ತೂಕವನ್ನು ಒಣ ಅಡಿಕೆಯ ತೂಕದೊಡನೆ ನೇರವಾಗಿ ಹೋಲಿಸುವಂತಿಲ್ಲ. ಭೂತಾನದ ಒಟ್ಟು ಉತ್ಪನ್ನವೆಷ್ಟು, ಅಲ್ಲಿಯೇ ಮೆಲ್ಲುವ ಪಾಲೆಷ್ಟು ಎಂಬುದನ್ನು ಅಲ್ಲಿನ ಕೃಷಿ ಅಂಕಿಅಂಶಗಳಿಂದ ತಿಳಿಯದೆ ಆ ಪರಿಮಾಣದ ಗಾತ್ರ ನಿಲುಕುವುದೂ ಇಲ್ಲ.

ಗಡಿನಾಡಿನ ಸಂಶೋಧಕರಿಗೆ ಇನ್ನೊಂದು ತೊಡಕು ಕಪಾಟಿನಲ್ಲಿಯೇ ಕಾದಿರುತ್ತದೆ. ಡ್ಯೂಯಿ ದಶಾಂಶ ಪದ್ಧತಿಯಲ್ಲಿ ವಿದೇಶಿ ವ್ಯಾಪಾರಕ್ಕೆ 382, ಒಳನಾಡಿನ ವ್ಯಾಪಾರಕ್ಕೆ 381. ಕಾಸರಗೋಡಿನ ಅಡಿಕೆ ಮಂಗಳೂರಿನ ಪೇಟೆಗೆ ಹೋಗುವ ಕಥೆ 381ರಲ್ಲಿ, ಅದೇ ಪೇಟೆಯಲ್ಲಿ ಅದಕ್ಕೆ ಎದುರಾಗುವ ವಿದೇಶಿ ಅಡಿಕೆಯ ಕಥೆ 382ರಲ್ಲಿ. ಪ್ರದೇಶವಾರು ಆರ್ಥಿಕ ಚರಿತ್ರೆಯಲ್ಲಿ ಕೇರಳ 330.95483, ಕರ್ನಾಟಕ 330.95487. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕೆನರಾ ಜಿಲ್ಲೆಯ ತಾಲ್ಲೂಕಾಗಿದ್ದುದರಿಂದ ಅದರ ಹಳೆಯ ಚರಿತ್ರೆ ಒಂದು ಸಂಖ್ಯೆಯಲ್ಲಿಯೂ ಹೊಸ ಚರಿತ್ರೆ ಇನ್ನೊಂದರಲ್ಲಿಯೂ ಕುಳಿತಿರುತ್ತದೆ. 1894 ಮತ್ತು 1895ರಲ್ಲಿ ಎರಡು ಸಂಪುಟಗಳಾಗಿ ಬಂದ ಸ್ಟರಾಕ್ ಮತ್ತು ಸ್ಟುವರ್ಟರ ದಕ್ಷಿಣ ಕೆನರಾ ಕೈಪಿಡಿಯನ್ನು ಕೇರಳದ ಕಪಾಟಿನಲ್ಲಿ ಹುಡುಕುವವರಿಗೆ ಅದು ಸಿಗಲಾರದು. ಮದರಾಸು ಪ್ರಾಂತದ ಸಮುದ್ರ ವ್ಯಾಪಾರದ ವರದಿಗಳಲ್ಲಿಯೂ ಇಂಥದೇ ಸೂಕ್ಷ್ಮವಿದೆ: ಮಂಗಳೂರಿನಿಂದ ಹಡಗೇರಿದ ಸರಕಿನಲ್ಲಿ ಮೈಸೂರು ಸಂಸ್ಥಾನದಿಂದ ಘಟ್ಟವಿಳಿದು ಬಂದದ್ದೂ ಸೇರಿದೆ. ಬರ್ಮಾದೊಡನೆ ನಡೆದ ವ್ಯಾಪಾರ 1937ರ ಏಪ್ರಿಲ್ ತನಕ ಕರಾವಳಿ ವ್ಯಾಪಾರ, ಅಂದಿನಿಂದ ವಿದೇಶಿ ವ್ಯಾಪಾರ.

ಇಂದಿನ ಅಂಕಿಗಳಲ್ಲಿಯೂ ಜಿಲ್ಲೆ ಸುಲಭವಾಗಿ ಕಾಣುವುದಿಲ್ಲ. ರಫ್ತಿನ ಶಿಪ್ಪಿಂಗ್ ಬಿಲ್ಲಿನಲ್ಲಿ ಸರಕು ಹುಟ್ಟಿದ ಜಿಲ್ಲೆಯನ್ನು ನಮೂದಿಸುವುದು 2020ರಿಂದಷ್ಟೇ ಕಡ್ಡಾಯವಾಯಿತು. ಸೊಲ್ಲಾಪುರದ ಟರ್ಕಿ ಟವೆಲು ಜಗತ್ತಿನ ಪಟ್ಟಿಯಲ್ಲಿ 6302.60 ಎಂಬ ಭಾರತದ ಸಾಲಿನಲ್ಲಿ ಕರಗಿಹೋಗುತ್ತದೆ. ಆ ನಗರದ ಹಿಂದಿನ ಅರ್ಥವ್ಯವಸ್ಥೆಯನ್ನು ತಿಳಿಯಲು ಧನಂಜಯರಾವ್ ಗಾಡ್ಗೀಳರು ಸೊಲ್ಲಾಪುರ ನಗರದ ಬಗ್ಗೆ 1965ರಲ್ಲಿ ಪ್ರಕಟಿಸಿದ ಸಾಮಾಜಿಕ-ಆರ್ಥಿಕ ಅಧ್ಯಯನದಂತಹ ಕೃತಿಗಳೇ ಬೇಕು. ಅಡಿಕೆಗೆ ಸಂಬಂಧಿಸಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಕೋಳಿಕ್ಕೋಡಿನ ಅಡಿಕೆ ಮತ್ತು ಸಾಂಬಾರ ಬೆಳೆಗಳ ಅಭಿವೃದ್ಧಿ ನಿರ್ದೇಶನಾಲಯಗಳ ಪ್ರಕಟಣೆಗಳು ಇಂಗ್ಲಿಷಿನಲ್ಲಿ ದೊರೆಯುತ್ತವೆ. ಪೇಟೆಯ ದೈನಂದಿನ ಧಾರಣೆ, ಬೆಳೆಗಾರರ ವಾದಗಳು, ಸುಂಕದ ಚರ್ಚೆಗಳು ಮಾತ್ರ ಕನ್ನಡ ಮತ್ತು ಮಲಯಾಳದ ದಿನಪತ್ರಿಕೆಗಳಲ್ಲಿ, 1988ರಿಂದ ಪುತ್ತೂರಿನಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ಯಂತಹ ನಿಯತಕಾಲಿಕಗಳಲ್ಲಿ ಉಳಿದಿವೆ. ಯಾವ ಅಂತಾರಾಷ್ಟ್ರೀಯ ದತ್ತಸಂಚಯವೂ ಇವನ್ನು ಸೂಚೀಕರಿಸುವುದಿಲ್ಲ. ಗಡಿನಾಡಿನ ಗ್ರಂಥಾಲಯಗಳು ಇಂಥ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಕಟ್ಟು ಹಾಕಿಸಿ ಇಡದಿದ್ದರೆ ಬೇರಾರೂ ಇಡುವುದಿಲ್ಲ.

ಈ ಸ್ಥಳೀಯ ಆಕರಗಳಿಗೂ ಸುಂಕದ ಪಟ್ಟಿಗೂ ನಡುವೆ ಇನ್ನೊಂದು ಅನುವಾದದ ಕೆಲಸ ಬಾಕಿಯಿದೆ. ಸುಂಕದ ಪಟ್ಟಿ ಅಡಿಕೆಯನ್ನು ಇಡಿ, ಹೋಳು, ಪುಡಿ ಎಂದಷ್ಟೇ ಬಲ್ಲದು. ಕರ್ನಾಟಕ-ಕೇರಳಗಳ ಬೆಳೆಗಾರರು ಕೂಡಿ 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಕ್ಯಾಂಪ್ಕೋದ ಧಾರಣೆ ಪಟ್ಟಿ ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲು, ಪಟೋರ, ಕರಿಗೋಟು ಎಂದು ವಿಂಗಡಿಸುತ್ತದೆ. ಘಟ್ಟದ ಮೇಲಿನ ಪೇಟೆಗಳಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು. ಕಾಸರಗೋಡಿನ ಚಾಲಿ ಅಡಿಕೆ ಹಣ್ಣಾಗಿ ಒಣಗಿದ ಇಡಿ ಕಾಯಿ. ಮಲೆನಾಡಿನ ಕೆಂಪಡಿಕೆ ಎಳೆಯದನ್ನು ಬೇಯಿಸಿ ಒಣಗಿಸಿದ್ದು. ಆಮದಾದ ಇಡಿ ಅಡಿಕೆ ಪೈಪೋಟಿ ನೀಡುವುದು ಇವುಗಳಲ್ಲಿ ಯಾವುದಕ್ಕೆ, ಎಷ್ಟರಮಟ್ಟಿಗೆ ಎಂಬುದು ಮೊದಲ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೂ ಉಳಿಯುವ ಐದನೆಯ ಪ್ರಶ್ನೆ. ಎಂಟಂಕಿಯ ಸಾಲುಗಳಿಗೆ ಪೇಟೆಯ ದರ್ಜೆಗಳನ್ನು ಹೊಂದಿಸಿದ ಪಟ್ಟಿಯೊಂದನ್ನು ಮೊದಲು ಸಿದ್ಧಪಡಿಸಿಕೊಂಡು, ಅಧಿಸೂಚನೆ ಹೊರಟ ತಿಂಗಳುಗಳ ಹಿಂದುಮುಂದಿನ ಧಾರಣೆಗಳನ್ನು ದರ್ಜೆವಾರು ಬರೆದುಕೊಂಡರೆ ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬಹುದು.