ಅಹಮದಾಬಾದಿನ ಇಟ್ಟಿಗೆ, ಬೆಂಗಳೂರಿನ ಕಲ್ಲು

2020ರ ಡಿಸೆಂಬರಿನಲ್ಲಿ ಅಹಮದಾಬಾದಿನ ಐಐಎಂ ತನ್ನ 18 ಹಳೆಯ ಹಾಸ್ಟೆಲ್ ಕಟ್ಟಡಗಳ ಪೈಕಿ 14ನ್ನು ಕೆಡವಲು ಹೊರಟಿತು. ಅಮೆರಿಕದ ಲೂಯಿ ಕಾನ್ ರೂಪಿಸಿದ ಕಟ್ಟಡಗಳವು. ಜಗತ್ತಿನ ನಾನಾ ಕಡೆಯ ವಾಸ್ತುಶಿಲ್ಪಿಗಳು ಪ್ರತಿಭಟಿಸಿದರು, ಕೆಲವೇ ದಿನಗಳಲ್ಲಿ ಸಂಸ್ಥೆ ಹಿಂದೆ ಸರಿಯಿತು. 2022ರ ನವೆಂಬರಿನಲ್ಲಿ ಮತ್ತೆ ಅದೇ ರಾಗ: ಕಟ್ಟಡಗಳು ವಾಸಕ್ಕೆ ಯೋಗ್ಯವಲ್ಲ, ಇಟ್ಟಿಗೆ ಉದುರುತ್ತಿದೆ, 2001ರ ಭೂಕಂಪದ ಪೆಟ್ಟು ಬೇರೆ. ಇಷ್ಟೆಲ್ಲ ವಾದದಲ್ಲಿ ಕಟಕಟೆಯಲ್ಲಿ ನಿಂತದ್ದು ಮುಖ್ಯವಾಗಿ ಇಟ್ಟಿಗೆ.

ಹಾಗಾದರೆ ಬೆಂಗಳೂರಿನ ಐಐಎಂ? ಬನ್ನೇರುಘಟ್ಟ ರಸ್ತೆಯ ಆ ಬೂದುಗಲ್ಲಿನ ಗೋಡೆಗಳಿಗೂ ಗಿಲಾವು ಇಲ್ಲ, ಬಣ್ಣವಿಲ್ಲ. ಅವು ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತಿವೆ. ‘ತ್ರೀ ಈಡಿಯಟ್ಸ್’ ನೋಡಿದವರಿಗೆ ಅವು ಎಂಜಿನಿಯರಿಂಗ್ ಕಾಲೇಜಾಗಿ ಪರಿಚಿತ. ಆ ಆವರಣವನ್ನು ರೂಪಿಸಿದ ಬಾಲಕೃಷ್ಣ ದೋಷಿ, ಕಾನ್ ಅವರನ್ನು 1962ರಲ್ಲಿ ಅಹಮದಾಬಾದಿಗೆ ಕರೆತರಲು ಕಾರಣರಾದವರು, ಆ ಕೆಲಸದಲ್ಲಿ ಜೊತೆಗಿದ್ದವರು. ಅಲ್ಲಿ ಇಟ್ಟಿಗೆಯ ಜೊತೆ ಅಷ್ಟು ಒಡನಾಡಿದವರು ಬೆಂಗಳೂರಿಗೆ ಬಂದು ಕಲ್ಲು ಹಿಡಿದರು.

ಕಾರಣ ನೆಲದಲ್ಲೇ ಇದೆ. ಸಾಬರಮತಿಯ ಬಯಲಿನಲ್ಲಿ ಅಗೆದರೆ ಸಿಗುವುದು ನದಿ ತಂದು ಹಾಸಿದ ಮಣ್ಣು; ಬೆಂಗಳೂರಿನಲ್ಲಿ ಗುದ್ದಲಿ ಹಾಕಿದರೆ ಠಣ್ ಎನ್ನುತ್ತದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ವ್ಯಾಪಾರಿಗಳಿಗೆ ಇಲ್ಲಿನದೆಲ್ಲ ಗ್ರಾನೈಟ್. ಭೂವಿಜ್ಞಾನಿಗಳ ಲೆಕ್ಕದಲ್ಲಿ ಬಹುಪಾಲು ನೈಸ್ ಶಿಲೆ.

ಈ ಕಲ್ಲನ್ನು ಎಬ್ಬಿಸುತ್ತಿದ್ದ ಬಗೆಯಂತೂ ಯಾವ ಎಂಜಿನಿಯರಿಂಗ್ ಪಠ್ಯಕ್ಕೂ ಕಡಿಮೆಯದಲ್ಲ. 1911ರ ಬ್ರಿಟಾನಿಕಾ ವಿಶ್ವಕೋಶದಲ್ಲಿ ಬೆಂಗಳೂರಿನ ಒಂದು ಪ್ರಸಂಗ ದಾಖಲಾಗಿದೆ. ಕಲ್ಲುಕುಟಿಗರು ಬಂಡೆಯ ಮೈಮೇಲೆ ಸೌದೆಯ ಸಾಲು ಹಚ್ಚುತ್ತಾರೆ. ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಸದ್ದು ಬದಲಾಯಿತೆಂದರೆ ಅಡಿಯ ಬಂಡೆಯಿಂದ ಪದರ ಬಿಟ್ಟಿದೆಯೆಂದೇ ಅರ್ಥ. ಆಗ ಕೆಂಡವನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳುತ್ತಾರೆ, ಮತ್ತೆ ತಟ್ಟುತ್ತಾರೆ. ಹೀಗೆ ಎಂಟು ಗಂಟೆಯಲ್ಲಿ 740 ಚದರಡಿಯ, ಸರಾಸರಿ ಐದು ಅಂಗುಲ ದಪ್ಪದ ಒಂದೇ ಚಪ್ಪಡಿ ಎದ್ದು ಬಂತು. ಖರ್ಚಾದ ಸೌದೆ ಸುಮಾರು 750 ಕಿಲೋ. ಅಂದರೆ ಒಂದು ಕಿಲೋ ಸೌದೆಗೆ 30 ಕಿಲೋ ಕಲ್ಲು! ಸಿಡಿಮದ್ದಿನ ಹಂಗಿಲ್ಲ, ಬಿರುಕು ಎಲ್ಲೆಂದರಲ್ಲಿ ಹರಿಯುವ ಭಯವಿಲ್ಲ.

ಹೆಂಚಿನ ಮೇಲೆ ರೊಟ್ಟಿಯ ಪದರ ಏಳುವುದು ನೆನಪಾಗಬಹುದು. ಅಲ್ಲಿ ಎಬ್ಬಿಸುವುದು ಹಬೆ. ಬಂಡೆಯಲ್ಲಿ ಹಬೆಯ ಪಾತ್ರವಿಲ್ಲ. ಕಲ್ಲು ಶಾಖವನ್ನು ನಿಧಾನವಾಗಿ ಒಳಗೆ ಬಿಡುತ್ತದೆ, ಹೀಗಾಗಿ ಮೇಲ್ಪದರ ಕಾದು ಹಿಗ್ಗಿದರೂ ತಳ ತಣ್ಣಗೇ ಇರುತ್ತದೆ. ಹಿಗ್ಗಿದ ಪದರಕ್ಕೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಮೇಲೆ ಮಾತ್ರ ತೆರಪು. ಅದು ತಳದಿಂದ ಕಿತ್ತುಕೊಳ್ಳುತ್ತದೆ. ಆಮೇಲೆ ಉಳಿಯಿಂದ ಸಾಲು ಕುಳಿ ತೋಡಿ, ಬೆಣೆ ಬಡಿದು ಬೇಕಾದ ಅಳತೆಗೆ ಸೀಳಿದರಾಯಿತು. ಬೆಂಗಳೂರು, ಕೋಲಾರದ ಸುತ್ತ ಹೊಲದ ಬೇಲಿಗೂ ಮನೆಯ ಸೂರಿಗೂ ಕಲ್ಲುಚಪ್ಪಡಿ ಬಳಕೆಗೆ ಬಂದದ್ದು ಇಂಥ ಕೈಚಳಕದಿಂದ. ದೋಷಿ ಫತೇಪುರ್ ಸಿಕ್ರಿಯ ಅಂಗಳಗಳಿಂದ ಸ್ಫೂರ್ತಿ ಪಡೆದರೆಂದು ಎಲ್ಲರೂ ಬರೆಯುತ್ತಾರೆ. ಸ್ಥಳೀಯ ಕಲ್ಲುಕೆಲಸದವರ ಹೆಸರು ಆ ಸಾಲಿನಲ್ಲಿ ಬರುವುದು ಅಪರೂಪ.

ಇನ್ನು ಇಟ್ಟಿಗೆಯ ಮೇಲಿನ ಆರೋಪ. ಭಾರತೀಯ ಮಾನಕದ ಪ್ರಕಾರ, ಸಾಮಾನ್ಯ ಇಟ್ಟಿಗೆಯನ್ನು 24 ಗಂಟೆ ನೆನೆಸಿದಾಗ ಅದು ತನ್ನ ತೂಕದ ಶೇ 20ರವರೆಗೂ ನೀರು ಹೀರಬಹುದು. ಮೂರು ಕಿಲೋ ಇಟ್ಟಿಗೆಗೆ ಅರ್ಧ ಲೀಟರಿಗೂ ಮೀರಿದ ನೀರು! ಒಳ್ಳೆಯ ಗ್ರಾನೈಟ್ ಶೇ 1ನ್ನೂ ಮುಟ್ಟುವುದಿಲ್ಲ. ನೀರಿನ ಜೊತೆ ಒಳಹೋದ ಲವಣಗಳು ಗೋಡೆ ಒಣಗುವಾಗ ರಂಧ್ರಗಳಲ್ಲೇ ಹರಳುಗಟ್ಟಿ ಇಟ್ಟಿಗೆಯನ್ನು ಒಳಗಿನಿಂದ ಒಡೆಯುತ್ತವೆ. ಮೊಹೆಂಜೊದಾರೊದ ಇಟ್ಟಿಗೆಗಳು ಸಾವಿರಾರು ವರ್ಷ ಮಣ್ಣಿನಡಿ ಉಳಿದು, 1920ರ ದಶಕದಲ್ಲಿ ಅಗೆದು ತೆಗೆದ ಮೇಲೆ ಉಪ್ಪಿಗೆ ಸಿಕ್ಕಿ ಪುಡಿಯಾಗತೊಡಗಿದವು.

ಆದರೆ ಅಹಮದಾಬಾದಿನಲ್ಲಿ ಇನ್ನೊಬ್ಬ ಆರೋಪಿ ಅಡಗಿದ್ದಾನೆ, ಕಬ್ಬಿಣ. ಅಗಲವಾದ, ತಗ್ಗಾದ ಕಮಾನು ತನ್ನ ಎರಡೂ ಕಾಲುಗಳನ್ನು ಹೊರಕ್ಕೆ ಒದೆಯುತ್ತದೆ. ಆ ಒದೆತ ತಡೆಯಲು ಕಾನ್ ದಪ್ಪ ಗೋಡೆಯ ಬದಲು ಕಾಲಿನಿಂದ ಕಾಲಿಗೆ ಕಾಂಕ್ರೀಟ್ ತೊಲೆ ಕಟ್ಟಿದರು. ಎಳೆತ ತಡೆಯುವುದು ಅದರೊಳಗಿನ ಸರಳು. ಇಟ್ಟಿಗೆ ಗೋಡೆಗಳ ಒಳಗೂ ಕಬ್ಬಿಣ ಸೇರಿತ್ತು. ಹೊಸ ಕಾಂಕ್ರೀಟಿನ ಕಟು ಕ್ಷಾರದಲ್ಲಿ ಸರಳಿನ ಮೇಲೆ ತೆಳ್ಳನೆಯ ರಕ್ಷಾಪೊರೆ ಇರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಸುಣ್ಣವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಸಿದಂತೆ ಕ್ಷಾರ ಇಳಿಯುತ್ತದೆ, ಪೊರೆ ಹರಿಯುತ್ತದೆ, ತೇವ ಸಿಕ್ಕರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಇಟ್ಟಿಗೆ ಸಿಡಿಯದೆ ಇನ್ನೇನಾದೀತು? ಅದೇ ಆವರಣದ, ಅದೇ ಇಟ್ಟಿಗೆಯ ವಿಕ್ರಮ್ ಸಾರಾಭಾಯಿ ಗ್ರಂಥಾಲಯವನ್ನು ಮುಂಬೈನ ಬೃಂದಾ ಸೋಮಯ ಅವರ ಸಂಸ್ಥೆ ದುರಸ್ತಿ ಮಾಡಿತು. ಆ ಕೆಲಸಕ್ಕೆ 2019ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಇಟ್ಟಿಗೆಯ ಕಥೆ ಮುಗಿಯಿತೆನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಕಲ್ಲಿನ ಅಭಿಮಾನಿಗಳೂ ಬೀಗುವಂತಿಲ್ಲ. ಬೆಂಗಳೂರಿನ ಆವರಣದಲ್ಲಿ ಗೋಡೆ ಕಲ್ಲಿನದಾದರೂ ತೊಲೆಗಳು, ಸೂರು, ಮೊಗಸಾಲೆಗಳ ಮೇಲೆ ಬಿಸಿಲನ್ನು ಜರಡಿ ಹಿಡಿಯುವ ಚೌಕಟ್ಟುಗಳು ಎಲ್ಲ ಕಾಂಕ್ರೀಟೇ. ಮಳೆ ನೇರವಾಗಿ ಬೀಳುವುದೂ ಆ ಚೌಕಟ್ಟುಗಳ ಮೇಲೆಯೇ. ಇಂಗಾಲದ ಡೈಆಕ್ಸೈಡಿನ ಈ ಇಳಿತ ಕಾಲದ ವರ್ಗಮೂಲಕ್ಕೆ ತಕ್ಕಂತೆ ಸಾಗುತ್ತದೆ. ಮೊದಲ ಹತ್ತು ವರ್ಷದಲ್ಲಿ 10 ಮಿಲಿಮೀಟರ್ ಇಳಿದರೆ, 20 ಮಿಲಿಮೀಟರ್ ಮುಟ್ಟುವುದು ನಲವತ್ತನೇ ವರ್ಷಕ್ಕೆ. ಸರಳು ಅಷ್ಟೇ ಆಳದಲ್ಲಿದ್ದರೆ ಅದರ ರಕ್ಷಣೆ ಅಂದಿಗೆ ಮುಗಿಯಿತು. 1980ರ ದಶಕದ ಕಟ್ಟಡಗಳಿಗೆ ಈಗ ಹೆಚ್ಚೂಕಡಿಮೆ ಅದೇ ವಯಸ್ಸು.

ಪರೀಕ್ಷೆ ಕಷ್ಟದ್ದಲ್ಲ. ಕಾಂಕ್ರೀಟಿನ ಒಂದು ಮೂಲೆಯನ್ನು ಆಗಷ್ಟೇ ಒಡೆದು, ಶಾಲೆಯ ಪ್ರಯೋಗಾಲಯದಲ್ಲಿ ಸಿಗುವ ಫಿನಾಲ್ಫ್ತಲೀನ್ ಸಿಂಪಡಿಸಿದರೆ ಸಾಕು. ಕ್ಷಾರ ಉಳಿದಿರುವ ಭಾಗ ಗುಲಾಬಿಗೆ ತಿರುಗುತ್ತದೆ, ಕಳೆದುಕೊಂಡ ಭಾಗ ಬಣ್ಣವೇರದೆ ಉಳಿಯುತ್ತದೆ. ಆ ಎರಡರ ನಡುವಿನ ಗೆರೆ ಸರಳಿಗೆ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಅಳತೆಪಟ್ಟಿಯಲ್ಲೇ ನೋಡಬಹುದು.