ಪರದೆಗೂ ಬೇಕು ಲೈನ್ ಕ್ಲಿಯರ್

ನಿಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಎಂದಾದರೂ ಹೀಗಾಗಿದೆಯೇ? ಕಂಪ್ಯೂಟರ್ ಓಡುತ್ತಿದೆ, ಮಾನಿಟರಿನ ದೀಪ ಉರಿಯುತ್ತಿದೆ, ಕೇಬಲ್ ಭದ್ರವಾಗಿಯೇ ಇದೆ. ಆದರೂ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಬರಹ. ಇಲ್ಲವೇ ಚಿತ್ರವೇನೋ ಬಂದಿದೆ, ಅಕ್ಷರಗಳೆಲ್ಲ ದಪ್ಪ, ಮುಖಗಳೆಲ್ಲ ಅಗಲ. ಆಗ ನಮ್ಮ ಬಾಯಿಂದ ಮೊದಲು ಬರುವ ಮಾತು ‘ಮಾನಿಟರ್ ಹೋಯಿತು’ ಎಂದು. ಎಷ್ಟೋ ಸಲ ಹೋಗಿರುವುದು ಮಾನಿಟರ್ ಅಲ್ಲ, ಅದಕ್ಕೂ ಕಂಪ್ಯೂಟರಿಗೂ ನಡೆಯಬೇಕಾದ ಒಂದು ಸಣ್ಣ ಮಾತುಕತೆ ಮುರಿದಿರುತ್ತದೆ. ಆ ಮಾತುಕತೆ ಯಾವುದು, ಅದು ಏಕೆ ಮುರಿಯುತ್ತದೆ, ಡಿಸ್‌ಪ್ಲೇ ಎಮ್ಯುಲೇಟರ್ ಎಂಬ ಬೆರಳುದ್ದದ ಅಡಾಪ್ಟರ್ ಅದನ್ನು ಹೇಗೆ ಸರಿಪಡಿಸುತ್ತದೆ ಎಂಬುದನ್ನು ನೋಡೋಣ.

ಒಂದು ಮಳೆಗಾಲದಲ್ಲಿ ಚಿತ್ರೀಕರಣಕ್ಕೆಂದು ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ನಮ್ಮ ತಂಡ ಹೋಗಿತ್ತು. ಮುಖ್ಯೋಪಾಧ್ಯಾಯರು ಚಿಂತೆಯಲ್ಲಿದ್ದರು. “ಪ್ರೊಜೆಕ್ಟರ್ ಕೈಕೊಟ್ಟಿದೆ ಸಾರ್. ಪೋಷಕರ ಸಭೆ ಕರೆದಿದ್ದೀನಿ. ಒಂದಿಷ್ಟು ಹಣ ಒಟ್ಟುಮಾಡಿ ಹೊಸದು ತರಬೇಕು” ಎಂದರು. ಆ ಪೋಷಕರಲ್ಲಿ ಹೆಚ್ಚಿನವರು ಕಾಫಿ ತೋಟಗಳಲ್ಲಿ ದಿನಗೂಲಿ ಮಾಡುವವರು. ಪಕ್ಕದಲ್ಲಿ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: “ಸಾರ್, ಬೆಳಿಗ್ಗೆ ಸರಿಯಾಗೇ ಬರುತ್ತೆ. ಕರೆಂಟ್ ಹೋಗಿ ಬಂದ ಮೇಲೇ ಬರಲ್ಲ.”

ಕಾಯಿಲೆಯ ಮೂಲ ಅವಳ ಮಾತಿನಲ್ಲೇ ಇತ್ತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಪ್ರೊಜೆಕ್ಟರಿಗೆ ಇರಲಿಲ್ಲ. ಪ್ರೊಜೆಕ್ಟರ್ ಉರಿಯುತ್ತಿರುವಾಗಲೇ ಕಂಪ್ಯೂಟರನ್ನು ಆರಿಸಿ ಹೊಸದಾಗಿ ಹಾಕಿದೆವು. ಚಿತ್ರ ಸ್ಪಷ್ಟವಾಗಿ ಬಂತು. ಪ್ರೊಜೆಕ್ಟರಿನ ಪ್ಲಗ್ ಮಾತ್ರ ತೆಗೆದು ಮತ್ತೆ ಹಾಕಿದೆವು. ಚಿತ್ರ ಮಾಯ! ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೆಯೇ ಆಯಿತು. ಅಂದರೆ ಪ್ರೊಜೆಕ್ಟರ್ ಕೆಟ್ಟಿರಲಿಲ್ಲ.

ಎಡಕುಮೇರಿಯಿಂದ ಒಂದು ಪಾಠ

ಇದನ್ನು ಮಕ್ಕಳಿಗೆ ವಿವರಿಸಲು ಅವರಿಗೆ ಗೊತ್ತಿದ್ದ ಉದಾಹರಣೆಯನ್ನೇ ಹಿಡಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರ್ ಘಟ್ಟದ ರೈಲುಮಾರ್ಗ. 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು, 50 ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಇಳಿಯುವ ಇಳಿಜಾರು. 1979ರಲ್ಲಿ ಮೀಟರ್ ಗೇಜ್ ಆಗಿ ಆರಂಭವಾದ ಈ ಮಾರ್ಗ ಬ್ರಾಡ್ ಗೇಜ್ ಆಗಿ ಬದಲಾದ ಮೇಲೆ 2006ರಲ್ಲಿ ಸರಕು ರೈಲುಗಳಿಗೆ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲುಗಳಿಗೆ ತೆರೆಯಿತು. ಕಾಡಿನ ನಡುವಿನ ಎಡಕುಮೇರಿ ಈ ಮಾರ್ಗದ ಒಂದು ನಿಲ್ದಾಣ. ಅದರ ಮೇಲಿನ ನಿಲ್ದಾಣ ಕಡಗರವಳ್ಳಿ.

ಇದು ಒಂಟಿ ಹಳಿಯ ಮಾರ್ಗ. ಕಡಗರವಳ್ಳಿಯಿಂದ ಎಡಕುಮೇರಿಗೆ ರೈಲು ಕಳಿಸಬೇಕಾದರೆ ಸ್ಟೇಷನ್ ಮಾಸ್ತರರು ತಮ್ಮಷ್ಟಕ್ಕೆ ಹಸಿರು ದೀಪ ತೋರಿಸುವಂತಿಲ್ಲ. ಮೊದಲು ಎಡಕುಮೇರಿಯನ್ನು ಕೇಳಬೇಕು. ಹಳಿ ಖಾಲಿ ಇದೆ, ಕಳಿಸಬಹುದು ಎಂದು ಅಲ್ಲಿಂದ ಒಪ್ಪಿಗೆ ಬರಬೇಕು. ರೈಲ್ವೆಯವರು ಇದನ್ನು ‘ಲೈನ್ ಕ್ಲಿಯರ್’ ಎನ್ನುತ್ತಾರೆ. ಎಂಜಿನ್ ಸರಿಯಿದ್ದರೂ ಹಳಿ ಸರಿಯಿದ್ದರೂ ಲೈನ್ ಕ್ಲಿಯರ್ ಬಾರದಿದ್ದರೆ ರೈಲು ನಿಂತೇ ಇರುತ್ತದೆ.

ಕಂಪ್ಯೂಟರ್ ಮತ್ತು ಮಾನಿಟರ್ ನಡುವೆ ನಡೆಯುವುದೂ ಹೆಚ್ಚುಕಡಿಮೆ ಇದೇ.

128 ಬೈಟುಗಳ ಪರಿಚಯ ಪತ್ರ

ಎಚ್‌ಡಿಎಂಐ ಕೇಬಲಿನ ತುದಿಯಲ್ಲಿ 19 ಪಿನ್‌ಗಳಿವೆ. ಚಿತ್ರ ಮತ್ತು ಧ್ವನಿಯನ್ನು ಒಯ್ಯುವ ತಂತಿಗಳು ಬೇರೆ, ಮಾತುಕತೆಯ ತಂತಿಗಳು ಬೇರೆ. ಮೊದಲು ಕಂಪ್ಯೂಟರ್ 18ನೆಯ ಪಿನ್ನಿನಲ್ಲಿ 5 ವೋಲ್ಟ್ ಕೊಡುತ್ತದೆ. ಮಾನಿಟರ್ 19ನೆಯ ಪಿನ್ನಿನಲ್ಲಿ ವೋಲ್ಟೇಜ್ ಏರಿಸಿ ‘ನಾನಿದ್ದೇನೆ’ ಎನ್ನುತ್ತದೆ. ಇದಕ್ಕೆ ‘ಹಾಟ್ ಪ್ಲಗ್ ಡಿಟೆಕ್ಟ್’ ಎಂದು ಹೆಸರು. ಆಮೇಲೆ ಕಂಪ್ಯೂಟರ್ 15 ಮತ್ತು 16ನೆಯ ಪಿನ್‌ಗಳ ಮೂಲಕ ‘ನೀನು ಯಾರು? ಏನೇನು ತೋರಿಸಬಲ್ಲೆ?’ ಎಂದು ಕೇಳುತ್ತದೆ.

ಮಾನಿಟರಿನೊಳಗಿನ ಒಂದು ಪುಟ್ಟ ಸ್ಮೃತಿ ಚಿಪ್ ಇದಕ್ಕೆ ಉತ್ತರಿಸುತ್ತದೆ. ಆ ಉತ್ತರಕ್ಕೆ ಇಡಿಐಡಿ ಎಂದು ಹೆಸರು. ವೆಸಾ ಎಂಬ ಉದ್ಯಮಗಳ ಒಕ್ಕೂಟ 1994ರಲ್ಲಿ ಇದನ್ನು ರೂಪಿಸಿತು. ಇದರ ಮೂಲ ಭಾಗದ ಉದ್ದ ಬರೀ 128 ಬೈಟ್. ತಯಾರಕರ ಸಂಕೇತ, ತಯಾರಾದ ವರ್ಷ, ಪರದೆಯ ಅಗಲ ಎತ್ತರ, ಅದಕ್ಕೆ ಒಗ್ಗುವ ಚಿತ್ರದ ಅಳತೆಗಳು ಎಲ್ಲವೂ ಅದರಲ್ಲಿವೆ. ಧ್ವನಿಯ ವಿವರಗಳು ಅದರ ಮುಂದಿನ 128 ಬೈಟುಗಳ ಪುಟದಲ್ಲಿರುತ್ತವೆ.

ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ಹಿಂದಿನ ಕಂಪ್ಯೂಟರುಗಳಲ್ಲಿ ಮಾನಿಟರಿನ ವಿವರಗಳನ್ನು ನಾವೇ ತುಂಬಬೇಕಾಗಿತ್ತು. ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರುಗಳಲ್ಲಿ ಕೆಲವು, ತಮ್ಮ ಶಕ್ತಿಗೆ ಮೀರಿದ ಆವರ್ತನ ಬಂದರೆ ಕೆಟ್ಟೇ ಹೋಗುತ್ತಿದ್ದವು. ಕೇಳಿ ಕಳಿಸುವ ಪದ್ಧತಿ ಬಂದದ್ದರಿಂದ ಆ ಭಯ ತಪ್ಪಿತು.

ಮಾತು ಎಲ್ಲಿ ಮುರಿಯುತ್ತದೆ?

ಉತ್ತರ ಬಾರದಿದ್ದರೆ ಕೆಲವು ಕಂಪ್ಯೂಟರುಗಳು ಚಿತ್ರವನ್ನೇ ಕಳಿಸುವುದಿಲ್ಲ. ಕೆಲವು ಧೈರ್ಯ ಸಾಲದೆ 640 × 480 ಅಥವಾ 1024 × 768 ಚುಕ್ಕೆಗಳ ಸಣ್ಣ ಚಿತ್ರ ಕಳಿಸಿ ಸುಮ್ಮನಾಗುತ್ತವೆ. ಅಕ್ಷರ ದಪ್ಪವಾಗುವುದು ಆಗಲೇ.

ಮಾತು ಮುರಿಯಲು ಕಾರಣಗಳು ಹಲವು. ಒಂದು, ಕೇಬಲಿನ ಉದ್ದ. ಮಾತುಕತೆಯ ತಂತಿಯಲ್ಲಿ ವೋಲ್ಟೇಜ್ ಏರುವುದು ಒಂದು ಪ್ರತಿರೋಧಕದ ಮೂಲಕ. ತಂತಿ ಉದ್ದವಾದಷ್ಟೂ ಅದರ ಧಾರಕತೆ, ಅಂದರೆ ಕೆಪ್ಯಾಸಿಟೆನ್ಸ್, ಹೆಚ್ಚುತ್ತದೆ. ನೀರು ತುಂಬಲು ಕಿರಿದಾದ ನಲ್ಲಿಗೆ ದೊಡ್ಡ ಹಂಡೆ ಇಟ್ಟಂತೆ, ವೋಲ್ಟೇಜ್ ನಿಧಾನವಾಗಿ ಏರುತ್ತದೆ. 0 ಯಾವುದು 1 ಯಾವುದು ಎಂದು ತಿಳಿಯದೆ ಉತ್ತರ ಗೋಜಲಾಗುತ್ತದೆ. ಎರಡು, ಹಳೆಯ ವಿಜಿಎ ಮಾದರಿಯ ಕೆಲವು ಅಗ್ಗದ ಕೇಬಲುಗಳಲ್ಲಿ ಮಾತುಕತೆಗೆ ಬೇಕಾದ 12 ಮತ್ತು 15ನೆಯ ಪಿನ್ನಿನ ತಂತಿಗಳನ್ನೇ ಹಾಕಿರುವುದಿಲ್ಲ. ಮೂರು, ಒಂದು ಕಂಪ್ಯೂಟರಿಗೆ ಎರಡು ಪರದೆ ಕೊಡುವ ಸ್ಪ್ಲಿಟರ್, ಎರಡು ಕಂಪ್ಯೂಟರಿಗೆ ಒಂದು ಪರದೆ ಕೊಡುವ ಸ್ವಿಚ್ ಇವುಗಳಲ್ಲಿ ಪ್ರಶ್ನೆಯೋ ಉತ್ತರವೋ ನಡುದಾರಿಯಲ್ಲಿ ಕಳೆದುಹೋಗುವುದುಂಟು. ನಾಲ್ಕು, ನಮ್ಮ ಶಾಲೆಯಲ್ಲಿ ಆದದ್ದು: ಕರೆಂಟ್ ಬಂದೊಡನೆ ಕಂಪ್ಯೂಟರ್ ಪ್ರಶ್ನೆ ಕೇಳಿತು, ಪ್ರೊಜೆಕ್ಟರ್ ಇನ್ನೂ ಎಚ್ಚರಗೊಳ್ಳುತ್ತಿತ್ತು. ಉತ್ತರ ಸಿಗಲಿಲ್ಲ. ಕಂಪ್ಯೂಟರ್ ಮತ್ತೆ ಕೇಳಲಿಲ್ಲ.

ಪರವಾಗಿ ಉತ್ತರ ಕೊಡುವ ಚಿಪ್

ಎಮ್ಯುಲೇಟರ್ ಅಡಾಪ್ಟರ್ ಮಾಡುವ ಕೆಲಸ ಈಗ ನಿಮಗೆ ಹೊಳೆದಿರಬೇಕು. ಅದರೊಳಗೂ ಅಂಥದೇ ಒಂದು ಸ್ಮೃತಿ ಚಿಪ್ ಇದೆ. ಅದು ಕಂಪ್ಯೂಟರಿನಿಂದಲೇ 5 ವೋಲ್ಟ್ ಪಡೆದು, 19ನೆಯ ಪಿನ್ನನ್ನು ಸದಾ ಏರಿಸಿಟ್ಟು, ಕೇಳಿದಾಗಲೆಲ್ಲ ಮಾನಿಟರಿನ ಪರವಾಗಿ ಉತ್ತರಿಸುತ್ತದೆ. ಆಚೆ ಕಡೆ ಕರೆಂಟ್ ಹೋದರೂ ಬಂದರೂ ಕಂಪ್ಯೂಟರಿಗೆ ಅದು ಗೊತ್ತಾಗುವುದೇ ಇಲ್ಲ. ಚಿತ್ರ ಹರಿಯುತ್ತಲೇ ಇರುತ್ತದೆ. ಪರದೆ ಎಚ್ಚರಗೊಂಡಾಗ ಅದನ್ನು ತೋರಿಸುತ್ತದೆ.

ಇವುಗಳಲ್ಲಿ ಎರಡು ಬಗೆ. ಮೊದಲನೆಯದು ಬರೀ ಮುಚ್ಚಳದಂಥದು. ಅದಕ್ಕೆ ಮಾನಿಟರ್ ಜೋಡಿಸಲಾಗುವುದಿಲ್ಲ. ಮಾನಿಟರ್ ಇಲ್ಲದ ಕಂಪ್ಯೂಟರನ್ನು ದೂರದಿಂದ ಬಳಸುವವರಿಗೆ ಪೂರ್ಣ ಅಳತೆಯ ಪರದೆ ಸಿಗಲೆಂದು ಅದನ್ನು ಚುಚ್ಚುತ್ತಾರೆ. ಎರಡನೆಯದು ಕಂಪ್ಯೂಟರಿಗೂ ಕೇಬಲಿಗೂ ನಡುವೆ ಕೂರುವಂಥದು. ಚಿತ್ರವನ್ನು ಮುಂದಕ್ಕೆ ಬಿಟ್ಟು ಮಾತನ್ನು ಮಾತ್ರ ತಾನಾಡುತ್ತದೆ. ನಮಗೆ ಬೇಕಾದದ್ದು ಇದು. ಇವುಗಳಲ್ಲಿ ಕೆಲವಕ್ಕೆ ‘ಕಲಿಯುವ’ ಗುಂಡಿ ಇರುತ್ತದೆ. ಗಿಡ್ಡ ಕೇಬಲಿನಿಂದ ನಿಜವಾದ ಮಾನಿಟರಿಗೆ ಜೋಡಿಸಿ ಗುಂಡಿ ಒತ್ತಿದರೆ ಅದರ ಪರಿಚಯ ಪತ್ರವನ್ನು ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಕಂಪ್ಯೂಟರಿನ ತುದಿಯಲ್ಲೇ ಹಾಕಬೇಕು. ಮಾನಿಟರಿನ ತುದಿಯಲ್ಲಿ ಹಾಕಿದರೆ ಉದ್ದ ಕೇಬಲಿನ ತೊಂದರೆ ಹಾಗೆಯೇ ಉಳಿಯುತ್ತದೆ.

ದೂರದರ್ಶನದ ಸ್ಟುಡಿಯೋಗಳಿಗೆ ಇದು ಹೊಸದಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪರದೆಯನ್ನು ಬದಲಿಸಿದಾಗಲೆಲ್ಲ ಹೊಸ ಮಾತುಕತೆ ಶುರುವಾದರೆ ಕೆಲವು ಸೆಕೆಂಡು ಕತ್ತಲೆ. ಹಾಗಾಗದಿರಲೆಂದು ಪ್ರತಿಯೊಂದಕ್ಕೂ ಸಿದ್ಧ ಉತ್ತರ ಇಟ್ಟಿರುತ್ತಾರೆ.

ಎಲ್ಲಿ ಉಪಯೋಗವಿಲ್ಲ?

2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತವಾಗಿ ಹಳಿಯ ಕೆಳಗಿನ ಮಣ್ಣು ಜಾರಿತು, ರೈಲು ಸಂಚಾರ ನಿಂತಿತು. ಲೈನ್ ಕ್ಲಿಯರ್ ಹೇಳುವವರು ಎಷ್ಟೇ ಸಮರ್ಥರಿದ್ದರೂ ಅದರಿಂದ ಜಾರಿದ ಮಣ್ಣು ಮೇಲೆ ಬರುವುದಿಲ್ಲ. ಅದಕ್ಕೆ ಹಾರೆ ಗುದ್ದಲಿ ಹಿಡಿದವರೇ ಬೇಕು, ಯಂತ್ರಗಳೇ ಬೇಕು. ಹಾಗೆಯೇ ಚಿತ್ರದ ತಂತಿಯೇ ತುಂಡಾಗಿದ್ದರೆ ಎಮ್ಯುಲೇಟರ್ ಏನೂ ಮಾಡಲಾರದು. ಪರದೆಯಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತಿದ್ದರೆ, ಗೆರೆಗಳು ಓಡುತ್ತಿದ್ದರೆ ದೋಷ ಬಹುಮಟ್ಟಿಗೆ ಕೇಬಲಿನದು. ಕೇಬಲ್ ಬದಲಿಸಿ.

ಇನ್ನೊಂದು ಎಚ್ಚರಿಕೆ. ಸ್ಟೇಷನ್ ಮಾಸ್ತರರು ನೋಡಿ ಒಪ್ಪಿಗೆ ಕೊಡುತ್ತಾರೆ, ಎಮ್ಯುಲೇಟರ್ ನೋಡದೆಯೇ ‘ಹೂಂ’ ಎನ್ನುತ್ತದೆ. ಅದರಲ್ಲಿರುವ ಪತ್ರ ಬೇರೆ ಮಾನಿಟರಿನದಾಗಿದ್ದರೆ ಕಂಪ್ಯೂಟರ್ ಒಗ್ಗದ ಚಿತ್ರ ಕಳಿಸುತ್ತದೆ, ನಿಮ್ಮ ಪರದೆ ಕಪ್ಪಾಗುತ್ತದೆ. ಧ್ವನಿಯ ಪುಟ ಅದರಲ್ಲಿಲ್ಲದಿದ್ದರೆ ಚಿತ್ರ ಬಂದೀತು, ಶಬ್ದ ಬಾರದು. ಮಾನಿಟರ್ ಬದಲಿಸಿದ ದಿನ ಅಡಾಪ್ಟರಿಗೆ ಹೊಸ ಪಾಠ ಕಲಿಸುವುದನ್ನು ಮರೆಯಬೇಡಿ. ಕೆಲವು ಚಲನಚಿತ್ರಗಳಿಗೆ ಬೇಕಾಗುವ ನಕಲು ತಡೆಯ ಪರೀಕ್ಷೆ ಬೇರೆಯದೇ. ಸರಳ ಎಮ್ಯುಲೇಟರ್ ಅದಕ್ಕೆ ಉತ್ತರ ಕೊಡಲಾರದು.

ಹಣ ಕೊಡುವ ಮುನ್ನ

ಹೊಸದನ್ನು ಕೊಳ್ಳುವ ಮೊದಲು ಈ ನಾಲ್ಕನ್ನು ಕ್ರಮವಾಗಿ ಮಾಡಿ:

1. ಮಾನಿಟರಿನಲ್ಲಿ ಸರಿಯಾದ ಇನ್‌ಪುಟ್ ಆಯ್ದಿದ್ದೀರಾ ನೋಡಿ. ಎರಡೂ ತುದಿಯ ಕೇಬಲ್ ಕಿತ್ತು ಮತ್ತೆ ಹಾಕಿ.

2. ಮೊದಲು ಮಾನಿಟರ್ ಹಾಕಿ, ಅದು ಎಚ್ಚರಗೊಂಡ ಮೇಲೆ ಕಂಪ್ಯೂಟರ್ ಹಾಕಿ. ಚಿತ್ರ ಬಂದರೆ ದೋಷ ಮಾತುಕತೆಯಲ್ಲಿದೆ.

3. ನಡುವಿನ ಸ್ಪ್ಲಿಟರ್, ಸ್ವಿಚ್ ತೆಗೆದು ಗಿಡ್ಡ ಕೇಬಲಿನಿಂದ ನೇರವಾಗಿ ಜೋಡಿಸಿ. ಸರಿಹೋದರೆ ದೋಷ ದಾರಿಯಲ್ಲಿದೆ.

4. ಚಿತ್ರ ಸಣ್ಣದಾಗಿ ಬಂದಿದ್ದರೆ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಮಾನಿಟರಿನ ಹೆಸರು ನೋಡಿ. ನಿಜವಾದ ಹೆಸರಿನ ಬದಲು ‘ಸಾಮಾನ್ಯ ಮಾನಿಟರ್’ ಎಂಬರ್ಥದ ಹೆಸರಿದ್ದರೆ ಪರಿಚಯ ಪತ್ರ ತಲುಪಿಲ್ಲದಿರುವ ಸಂಭವ ಹೆಚ್ಚು.

ಎರಡನೆಯ ಹಂತದಲ್ಲೇ ಕೆಲಸವಾದರೆ ಅಡಾಪ್ಟರ್ ಕೂಡ ಕೂಡಲೇ ಬೇಕಿಲ್ಲ. ಆ ಶಾಲೆಯಲ್ಲಿಯೂ ಕೆಲವು ವಾರ ಹಾಗೆಯೇ ನಡೆಯಿತು. ಕರೆಂಟ್ ಬಂದ ಮೇಲೆ ಕಂಪ್ಯೂಟರನ್ನು ಮತ್ತೆ ಆರಂಭಿಸುತ್ತಿದ್ದರು. ಪ್ರತಿ ಸಲ ಪಾಠದ ಐದು ನಿಮಿಷ ಹಾಳಾಗುತ್ತದೆಂದು ಆಮೇಲೆ ಅಡಾಪ್ಟರ್ ತರಿಸಿದರು.

ಮಾಡಿ ನೋಡಿ

ನಿಮ್ಮ ಮಾನಿಟರಿನ ಪರಿಚಯ ಪತ್ರವನ್ನು ನೀವೇ ಓದಬಹುದು. ಲಿನಕ್ಸ್ ಕಂಪ್ಯೂಟರಿನಲ್ಲಿ ಅದು ಕಡತವಾಗಿಯೇ ಸಿಗುತ್ತದೆ, ವಿಂಡೋಸಿನಲ್ಲಿ ಓದಲು ಉಚಿತ ತಂತ್ರಾಂಶಗಳಿವೆ. ಮೊದಲ ಎಂಟು ಬೈಟುಗಳು ಯಾವಾಗಲೂ ಒಂದು 0, ಆರು 255, ಮತ್ತೊಂದು 0. ಒಂಬತ್ತು ಮತ್ತು ಹತ್ತನೆಯ ಬೈಟುಗಳಲ್ಲಿ ತಯಾರಕರ ಮೂರಕ್ಷರದ ಸಂಕೇತವಿದೆ. ಅವು 16 ಮತ್ತು 172 ಆಗಿದ್ದರೆ ಅದು ಡೆಲ್ ಮಾನಿಟರ್. ಸಾಮಾನ್ಯವಾಗಿ ಹದಿನೆಂಟನೆಯ ಬೈಟಿಗೆ 1990 ಕೂಡಿಸಿದರೆ ತಯಾರಾದ ವರ್ಷ ಸಿಗುತ್ತದೆ. ಕೊನೆಗೆ 128 ಬೈಟುಗಳನ್ನೂ ಕೂಡಿ 256ರಿಂದ ಭಾಗಿಸಿ. ಶೇಷ ಸೊನ್ನೆ ಬರಬೇಕು. ಬಾರದಿದ್ದರೆ ಪತ್ರ ದಾರಿಯಲ್ಲೆಲ್ಲೋ ಕೆಟ್ಟಿದೆ ಎಂದು ಅರ್ಥ. ಉತ್ತರ ಸರಿಯೋ ತಪ್ಪೋ ಎಂದು ಕಂಪ್ಯೂಟರ್ ತಿಳಿಯುವುದೂ ಇದೇ ಲೆಕ್ಕದಿಂದ.

ಅಂದ ಹಾಗೆ, ಆ ಪೋಷಕರ ಸಭೆ ನಡೆಯಿತು, ಆದರೆ ಹಣ ಕೇಳಲಿಲ್ಲ. ಪ್ರೊಜೆಕ್ಟರ್ ಏಕೆ ಕೆಟ್ಟಿಲ್ಲ ಎಂಬುದನ್ನು ಪ್ಲಗ್ ತೆಗೆದು ಹಾಕಿ ಎಲ್ಲರೆದುರಿಗೂ ತೋರಿಸಿದವಳು ಒಂಬತ್ತನೆಯ ತರಗತಿಯ ಆ ಹುಡುಗಿಯೇ.