ಉಪಭಾಷಾ ಧ್ವನಿಮುದ್ರಣಕ್ಕೆ ಮನೆಯಲ್ಲಿ ಕಟ್ಟಿದ ಮೈಕ್ ಪ್ರಿಆಂಪ್ಲಿಫಾಯರ್: ಜತ್ತ ತಾಲೂಕಿನ ಒಂದು ಅನುಭವ

ಜತ್ತ ತಾಲೂಕು ಸಾಂಗಲಿ ಜಿಲ್ಲೆಯ ಪೂರ್ವದ ಅಂಚು. ೧೯೪೮ರಲ್ಲಿ ಇಲ್ಲಿಯ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ೧೯೬೦ರಿಂದ ಮಹಾರಾಷ್ಟ್ರ. ಸಂಖ, ಉಮದಿ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಹೀಗಾಗಿ ನಮ್ಮವರ ಬಾಯಲ್ಲಿ ಚಕಾರ, ಜಕಾರಗಳು ಎರಡೆರಡು ಬಗೆಯಾಗಿ ಕೇಳುತ್ತವೆ. 'ಚಂದ'ದ ಚಕಾರ ತಾಲವ್ಯ; ಮರಾಠಿಯಿಂದ ಬಂದ 'ಚೂಕ'ದ ಚಕಾರ ಹಲ್ಲಿನತ್ತ ಸರಿದ ದಂತತಾಲವ್ಯ. 'ಜೋಳ' ಮತ್ತು 'ಜರಾ' ಹೀಗೆಯೇ. ಲಿಪಿ ಒಂದೇ, ಉಚ್ಚಾರ ಎರಡು. ಬರಹಕ್ಕೆ ಸಿಗದ ಈ ಭೇದವನ್ನು ಧ್ವನಿಮುದ್ರಣವೇ ಹಿಡಿಯಬೇಕು.

ಹಿಂದೆ ಒಬ್ಬ ಆಯಿಯ ಬೀಸುವ ಪದಗಳನ್ನು ಟೇಪಿನಲ್ಲಿ ಹಿಡಿದಿದ್ದೆ. ಮನೆಗೆ ಬಂದು ಕೇಳಿದರೆ ಬರೀ 'ಗುಂಯ್' ಸದ್ದು, ಮೇಲೆ 'ಸುಸ್' ಎಂಬ ಮರ್ಮರ. ಈ ಎರಡು ಚಕಾರಗಳ ಭೇದ ಇರುವುದು ಮೇಲಿನ ಕಂಪನಗಳಲ್ಲಿ; ಮರ್ಮರವೂ ಅಲ್ಲೇ ಕೂತಿತ್ತು. ಮತ್ತೆ ಹೋಗುವಷ್ಟರಲ್ಲಿ ಆಯಿ ಇರಲಿಲ್ಲ. ಆ ಕೊರಗಿನಿಂದ ಈ ಕೆಲಸಕ್ಕೆ ಕೈ ಹಾಕಿದೆ.

ಡೈನಾಮಿಕ್ ಮೈಕು ಸಮೀಪದ ಮಾತಿಗೆ ಕೊಡುವುದು ಒಂದೆರಡು ಮಿಲಿವೋಲ್ಟ್. ರೆಕಾರ್ಡರಿನ ಲೈನ್ ಇನ್‌ಪುಟ್ಟಿಗೆ ಅದರ ನೂರು ಪಟ್ಟು ಬೇಕು. ಹಳೆಯ ವಾಲ್ವಿನ ಯಂತ್ರಕ್ಕೆ ೨೦೦ ವೋಲ್ಟಿನ ಮೇಲೆ ಬೇಕು. ಅದು ಜೀವಕ್ಕೆ ಅಪಾಯ. ಆದ್ದರಿಂದ ಹಳೆಯ ಪದ್ಧತಿಯ ಎರಡು ಟ್ರಾನ್ಸಿಸ್ಟರಿನ ಜೋಡಣೆಯನ್ನೇ ಹಿಡಿದೆ. ಮರ್ಮರ ಕಡಿಮೆ ಇರುವ ಬಿಸಿ ೧೦೯ ಎರಡು, ೯ ವೋಲ್ಟಿನ ಬ್ಯಾಟರಿ ಒಂದು. ಮೊದಲನೆಯದರ ಕಲೆಕ್ಟರಿಗೆ ೧೦೦ ಕಿಲೋಓಮ್, ಎರಡನೆಯದಕ್ಕೆ ೪.೭ ಕಿಲೋಓಮ್. ಎರಡನೆಯದರ ಎಮಿಟರಿಗೆ ೧ ಕಿಲೋಓಮ್, ಅದಕ್ಕೆ ಅಡ್ಡಲಾಗಿ ೧೦೦ ಮೈಕ್ರೋಫ್ಯಾರಡ್. ಅಲ್ಲಿಂದ ಮೊದಲಿನ ಬೇಸಿಗೆ ೧೦೦ ಕಿಲೋಓಮ್. ಮೈಕು ಕೆಪ್ಯಾಸಿಟರಿನ ಮೂಲಕ ಮೊದಲಿನ ಬೇಸಿಗೆ. ಹೊರದನಿ ಕೆಪ್ಯಾಸಿಟರಿನ ಮೂಲಕ ಎರಡನೆಯ ಕಲೆಕ್ಟರಿನಿಂದ. ಆ ಕಲೆಕ್ಟರಿನಿಂದಲೇ ಮತ್ತೊಂದು ಕೆಪ್ಯಾಸಿಟರು, ೪೭ ಕಿಲೋಓಮ್ ದಾಟಿ ದನಿಯ ಒಂದು ಪಾಲು ಮೊದಲಿನ ಎಮಿಟರಿಗೆ ಮರಳುತ್ತದೆ. ಆ ಎಮಿಟರಿನ ಕೆಳಗೆ ೪೭೦ ಓಮ್. ಇವೆರಡರ ಪ್ರಮಾಣವೇ ವರ್ಧನೆ: ಸುಮಾರು ೧೦೦. ಟ್ರಾನ್ಸಿಸ್ಟರು ಬದಲಾದರೂ ಇದು ಹೆಚ್ಚು ಬದಲಾಗದು.

ಎಲ್ಲವನ್ನೂ ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿಟ್ಟೆ. ಮೊದಲ ದಿನ ಡಬ್ಬಿ ಮುಟ್ಟಿದರೆ ಗುಂಯ್ ಅಂತಿತ್ತು. ಡಬ್ಬಿಗೆ ಋಣ ತಂತಿಯನ್ನು ಒಂದೇ ಕಡೆ ಬೆಸೆದ ಮೇಲೆ ನಿಂತಿತು.

ಪರೀಕ್ಷೆ ಮೂರು ಹಂತ. ಮೊದಲು ಎರಡನೆಯ ಕಲೆಕ್ಟರಿನಲ್ಲಿ ಮೀಟರು ೫ರಿಂದ ೬ ವೋಲ್ಟ್ ತೋರಿಸಬೇಕು. ಎರಡು, ಮೈಕಿನ ಬದಲು ೨೨೦ ಓಮ್ ಜೋಡಿಸಿ ಬರೀ ಮರ್ಮರ ಕೇಳಬೇಕು. ಮೂರು, ಮೊಬೈಲಿನ ಸ್ವರವನ್ನು ೧೦ ಕಿಲೋಓಮ್ ಮತ್ತು ೧೦೦ ಓಮಿನಿಂದ ನೂರರಲ್ಲಿ ಒಂದು ಪಾಲಿಗೆ ಇಳಿಸಿ ಒಳಗೆ ಬಿಡಬೇಕು. ಹೊರಗೆ ಬಂದದ್ದು ಮೂಲದಷ್ಟೇ ಇದ್ದರೆ ವರ್ಧನೆ ಸರಿ. ಮೈಕಿನ ಹತ್ತಿರ ಕೂಗಿದರೆ ದನಿ ಒಡೆಯುತ್ತದೆ. ಒಂದು ಗೇಣು ದೂರ ಇರಲಿ.

ಕೊನೆಗೆ ಸಂಖದ ಒಬ್ಬ ಅಜ್ಜಿಯ ಮುಂದೆ ಡಬ್ಬಿ ಇಟ್ಟೆ. "ಮಾಸ್ತರ್ರ, ಡಬ್ಬ್ಯಾಗ ಏನೈತ್ರೀ?" ಅಂದಳು. "ನಿನ್ನ ಮಾತ ಐತಿ ನೋಡವ್ವಾ" ಅಂದೆ. 'ಚಂದ', 'ಚೂಕ' ಎರಡನ್ನೂ ಹೇಳಿಸಿ ಅಲ್ಲಿಯೇ ಕೇಳಿಸಿದೆ. ಭೇದ ನಿಚ್ಚಳ. ಈ ಭೇದ ಯಾವ ವಯಸ್ಸಿನವರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಊರೂರಿಗೆ ಹೋಗಿ ನೋಡಬೇಕು. ಹಿರಿಯರು ಇರುವಾಗಲೇ ಆ ಕೆಲಸವಾಗಲಿ ಎಂದು ವಿದ್ವಾಂಸರಲ್ಲಿ ವಿನಂತಿ.